ಖಾಲಿ ಬಿಲ ಓಗೊಟ್ಟಿತು

ಒಂದು ಕಾಡಿನಲ್ಲಿ ಮುಳ್ಳುಹಂದಿಗಳ ಗುಡ್ಡವಿತ್ತು. ಗುಡ್ಡದ ಮೈತುಂಬ ನಲವತ್ತು ಬಿಲಗಳು. ನೆಲ್ಲಿಬಿಲ, ಜಾಲಿಬಿಲ, ಹುತ್ತದಬಿಲ ಅಂತ ಒಂದೊಂದಕ್ಕೂ ಒಂದೊಂದು ಹೆಸರು. ನೆಲದೊಳಗೆ ಹಳೆಯ ಸುರಂಗಗಳು ಒಂದು ಬಿಲದಿಂದ ಇನ್ನೊಂದಕ್ಕೆ ಹಾದುಹೋಗಿದ್ದವು.

ಮುಳ್ಳುಹಂದಿಗಳ ಮರ್ಯಾದೆ ನಿಮಗೆ ಗೊತ್ತಿರಲಿಕ್ಕಿಲ್ಲ. ಒಬ್ಬರ ಬಿಲದೊಳಗೆ ಇನ್ನೊಬ್ಬರು ಇಣುಕುವಂತಿಲ್ಲ. ಕತ್ತಲಲ್ಲಿ ಮುಳ್ಳು ಚುಚ್ಚಿಕೊಂಡರೆ ಯಾರನ್ನು ಬೈಯುವುದು? ಅದಕ್ಕೇ ಹಿರಿಯರು ಒಂದು ರೂಢಿ ಮಾಡಿದ್ದರು. ಹೊತ್ತು ಮುಳುಗುವಾಗ ಯಜಮಾನ ಭರಮಯ್ಯ ಬಂಡೆ ಹತ್ತಿ ಒಂದೊಂದೇ ಬಿಲದ ಹೆಸರು ಕೂಗುತ್ತಿದ್ದ. ಒಳಗಿದ್ದವರು "ಇದ್ದೀವಿ" ಎಂದು ಓಗೊಡುತ್ತಿದ್ದರು. ನಲವತ್ತೂ ಬಿಲ ಓಗೊಟ್ಟ ಮೇಲೆ ಎಲ್ಲರೂ ತಂತಮ್ಮ ದಾರಿ ಹಿಡಿದು ಗೆಡ್ಡೆ ಅಗೆಯಲು ಹೊರಡುತ್ತಿದ್ದರು.

ಜಾಲಿಬಿಲದ ಬೋರಕ್ಕನಿಗೆ ಆ ಕೂಗೆಂದರೆ ಜೀವ. ಅವಳಿಗೆ ಮರಿಗಳಿರಲಿಲ್ಲ. ಇದ್ದವಳು ಅಕ್ಕ ಒಬ್ಬಳೇ, ನೆಲ್ಲಿಬಿಲದ ಪುಟ್ಟೀರಿ. ಮುದುಕಿ, ಕಾಲು ಬಿದ್ದುಹೋಗಿತ್ತು, ಹೊರಗೆ ಬರುತ್ತಿರಲಿಲ್ಲ. ಬೋರಕ್ಕ ಬಾಗಿಲಲ್ಲಿಟ್ಟು ಬಂದ ಗೆಡ್ಡೆ ಬೆಳಗಾಗುವಷ್ಟರಲ್ಲಿ ಖಾಲಿಯಾಗಿರುತ್ತಿತ್ತು. ಸಂಜೆ ಅಕ್ಕನ ದನಿ ಕೇಳಿದರೆ ಬೋರಕ್ಕನಿಗೆ ಉಂಡಷ್ಟು ಸಮಾಧಾನ.

ಆದರೆ ಹಗಲಿನ ಲೆಕ್ಕ ಬೇರೆ ಹೇಳುತ್ತಿತ್ತು. ಮಳೆಗಾಲಕ್ಕೆ ಮುಂಚೆ ಹಳ್ಳದ ದಂಡೆಗೆ ಮಣ್ಣಿನ ಒಡ್ಡು ಹಾಕಬೇಕು. ಹಾಕದಿದ್ದರೆ ಗುಡ್ಡದ ಬಿಲಗಳಿಗೆಲ್ಲ ನೀರು ನುಗ್ಗುತ್ತದೆ. ಹಿಂದೆ ಬಿಲಕ್ಕೆ ಮೂರು ಮರಿ ಇದ್ದ ಕಾಲದಲ್ಲಿ ಒಡ್ಡಿನ ಕೆಲಸ ಹಬ್ಬದಂತಿತ್ತು. ಆಮೇಲೆ ಒಂದೇ ಸಾಕು ಅಂದವರಿದ್ದರು, ಒಂದೂ ಬೇಡ ಅಂದವರಿದ್ದರು, ಬೇಕೆಂದರೂ ಆಗದವರಿದ್ದರು. ಅದರಲ್ಲಿ ಯಾರ ತಪ್ಪೂ ಇಲ್ಲ ಬಿಡಿ. ಹುಟ್ಟಿದ ಮರಿಗಳೂ ಬಲಿತ ಮೇಲೆ ಹೊಳೆ ದಾಟಿ ಗೆಣಸಿನ ಬಯಲಿಗೆ ಹೋದವು. ಈ ಸಲ ಒಡ್ಡಿಗೆ ಬಂದವರು ಎಂಟೇ ಜನ. ಬೋರಕ್ಕನ ಉಗುರು ಕಿತ್ತು ರಕ್ತ ಬಂದಿತ್ತು.

"ಮಿಕ್ಕವರೆಲ್ಲಿ ಯಜಮಾನ್ರೇ?" ಎಂದು ಅವಳು ಕೇಳಿದಳು.

ಭರಮಯ್ಯನ ಬದಲು ಗಡಿ ಕಾಯುವ ನರಿ ಉತ್ತರ ಕೊಟ್ಟಿತು. ಅದಕ್ಕೆ ಯಾವಾಗಲೂ ತುಪ್ಪ ಸವರಿದ ಮಾತು. "ಸೋಮಾರಿಗಳು ಬೋರಕ್ಕ. ಒಳಗೆ ಹೊಟ್ಟೆ ಮೇಲೆ ಕೈಯಿಟ್ಕೊಂಡು ಮಲಗಿದಾರೆ. ಸಂಜೆ ಕೂಗಿದಾಗ ನೋಡು, ಎಲ್ಲಾ ಓಗೊಡ್ತಾರೆ."

ಅಷ್ಟರಲ್ಲಿ ಗಡಿಕಲ್ಲಿನ ಆಚೆ ಧೂಳೆದ್ದಿತು. ನಲವತ್ತಕ್ಕೂ ಹೆಚ್ಚು ಮುಳ್ಳುಹಂದಿಗಳು ಬಂದು ನಿಂತಿದ್ದವು. ಕೆಲವರ ಮುಳ್ಳು ಸುಟ್ಟು ಕಪ್ಪಾಗಿತ್ತು. ಮುಂದೆ ನಿಂತವಳ ಹೆಸರು ಹೊನ್ನಿ.

"ನಮ್ಮ ಗುಡ್ಡಕ್ಕೆ ಕಿಚ್ಚು ಬಿತ್ತು ಯಜಮಾನ್ರೇ. ಜಾಗ ಕೊಡಿ, ಮಣ್ಣು ಹೊರ್ತೀವಿ," ಎಂದಳು ಅವಳು. "ಹೋದ ಬೇಸಗೇಲಿ ನಮ್ಮಣ್ಣ ಹೆಂಡ್ತಿ ಮಕ್ಕಳ ಜೊತೆ ಇಲ್ಲಿಗೇ ಬಂದಿದ್ದ. ಅವನನ್ನ ಕರೀರಿ."

"ಅವರನ್ನ ವಾಪಸ್ ಕಳಿಸಿದ್ವಲ್ಲ," ಎಂದ ಭರಮಯ್ಯ.

"ವಾಪಸ್ ಬರ್ಲೇ ಇಲ್ಲ."

ನರಿ ಮೂತಿ ನೆಕ್ಕಿಕೊಂಡಿತು. "ಯಜಮಾನ್ರೇ, ನಲವತ್ತು ಬಿಲಾನೂ ತುಂಬಿದೆ. ಇವರನ್ನ ಎಲ್ಲಿಡ್ತೀರಿ, ತಲೆ ಮೇಲಾ? ಬೆಳಗ್ಗೆ ನಾನೇ ಇವರನ್ನ ಕೊರಕಲು ದಾರೀಲಿ ದಾಟಿಸ್ತೀನಿ."

ಭರಮಯ್ಯನಿಗೆ ತನ್ನ ಗುಡ್ಡ ತುಂಬಿದೆ ಎನ್ನುವ ಹೆಮ್ಮೆ ಬಹಳ. "ಜಾಗ ಇಲ್ಲಮ್ಮ," ಎಂದುಬಿಟ್ಟ. ಉಳಿದವರು ತಲೆಯಾಡಿಸಿದರು. ಬೋರಕ್ಕನೂ ಆಡಿಸಿದಳು.

ಆದರೆ ಅವಳ ಮನಸ್ಸು ತಡೆಯಲಿಲ್ಲ. ನಾವು ಕಳಿಸಿದವರು ವಾಪಸ್ ಮುಟ್ಟಲಿಲ್ಲವೆಂದರೆ ಎಲ್ಲಿ ಹೋದರು? ಅಕ್ಕನನ್ನಾದರೂ ಕೇಳೋಣ, ಅವಳು ನನಗಿಂತ ಬುದ್ಧಿವಂತೆ ಎಂದುಕೊಂಡಳು. ಬಾಗಿಲಲ್ಲಿ ನಿಂತು ಕರೆದಳು. ಉತ್ತರವಿಲ್ಲ. ನಿದ್ದೆ ಹತ್ತಿರಬೇಕು. ಹೊತ್ತು ಇಳಿಯುತ್ತಿತ್ತು. ಬೋರಕ್ಕ ಹುಟ್ಟಿದಂದಿನಿಂದ ಮಾಡದ ಕೆಲಸ ಮಾಡಿದಳು. ಮುಳ್ಳು ಮಡಚಿಕೊಂಡು ನೆಲ್ಲಿಬಿಲದೊಳಗೆ ಹೊಕ್ಕಳು.

ಒಳಗೆ ತಣ್ಣಗಿತ್ತು. ಮುಖಕ್ಕೆ ಜೇಡರ ಬಲೆ ಅಂಟಿತು. ಮಾಡಿನಿಂದ ಮಣ್ಣು ಉದುರುತ್ತಿತ್ತು. ಮೂಲೆಯಲ್ಲಿ ಅಕ್ಕ ಮಲಗುತ್ತಿದ್ದ ಜಾಗದಲ್ಲಿ ಒಂದು ಹಿಡಿ ಮುಳ್ಳು ಬಿದ್ದಿತ್ತು, ಮುಟ್ಟಿದರೆ ಪುಡಿಯಾಗುವಷ್ಟು ಹಳೆಯದು. ಅಕ್ಕ ಸತ್ತು ಎಷ್ಟು ಮಳೆಗಾಲ ಕಳೆಯಿತೋ!

ಆಗ ಮೇಲಿನಿಂದ ಭರಮಯ್ಯನ ಕೂಗು ಕೇಳಿತು. "ನೆಲ್ಲಿಬಿಲಾ!"

ಸುರಂಗದಲ್ಲಿ ಏನೋ ಸರಸರ ಬಂತು. ಅವಳ ಮಗ್ಗುಲಲ್ಲೇ ನಿಂತಿತು. ಬಿಸಿ ಉಸಿರು, ಹಸಿ ಮಾಂಸದ ನಾತ. ಆಮೇಲೆ ಆ ಕತ್ತಲು ಪುಟ್ಟೀರಿಯ ದನಿಯಲ್ಲಿ, ಅವಳ ಅದೇ ಕೆಮ್ಮಿನ ಜೊತೆ ಹೇಳಿತು: "ಇದ್ದೀವಿ."

ಬೋರಕ್ಕನ ಮೈಯ ಮುಳ್ಳೆಲ್ಲ ತಾನಾಗಿ ನಿಗುರಿ ನಿಂತವು. ಆದರೆ ಅವಳು ಮಿಸುಕಲಿಲ್ಲ. ಅದು ಮುಂದಿನ ಬಿಲಕ್ಕೆ ಓಡಿತು. ಅಲ್ಲಿಂದ ಇನ್ನೊಂದು ದನಿ ಬಂತು, ಯಾವುದೋ ಮರಿಯದ್ದು.

ಅವಳು ಹೊರಗೆ ಬಂದು ಬಂಡೆ ಹತ್ತಿದಳು. "ಯಜಮಾನ್ರೇ, ಬೆಳ್ಳಕ್ಕಿಬಿಲ ಅಂತ ಕೂಗಿ," ಎಂದು ಪಿಸುಗುಟ್ಟಿದಳು.

"ನಿನಗೇನು ತಲೆ ಕೆಟ್ಟಿದ್ಯಾ? ಅಂಥ ಬಿಲಾನೇ ಇಲ್ಲ."

"ಕೂಗಿ ಅಂದ್ನಲ್ಲ."

ಭರಮಯ್ಯ ಕೂಗಿದ. "ಬೆಳ್ಳಕ್ಕಿಬಿಲಾ!"

ಒಂದು ಗಳಿಗೆ ಎಲೆ ಅಲುಗಲಿಲ್ಲ. ಆಮೇಲೆ ನೆಲದೊಳಗಿನಿಂದ ಮೆಲ್ಲಗೆ ಬಂತು. "ಇದ್ದೀವಿ."

ಭರಮಯ್ಯ ಬೋರಕ್ಕನ ಕಡೆ ತಿರುಗಿದ. ಪಾಪ, ಇಷ್ಟು ವರ್ಷ ಯಾರನ್ನು ಕೂಗುತ್ತಿದ್ದನೋ! "ನಾವು ಎಷ್ಟು ಜನ ಇದೀವಿ ಬೋರಿ?" ಎಂದ.

"ಎಂಟು. ನೀವು ಕೂಗ್ತಾ ಇರಿ, ನಿಲ್ಲಿಸ್ಬೇಡಿ. ಅದು ಒಳಗೇ ಇರ್ಲಿ."

ಭರಮಯ್ಯ ಸತ್ತವರ ಬಿಲಗಳನ್ನು ಒಂದೊಂದಾಗಿ ಕರೆಯುತ್ತ ಹೋದ. ಒಂದೊಂದೂ ಓಗೊಡುತ್ತ ಹೋಯಿತು. ಬೋರಕ್ಕ ಗಡಿಗೆ ಓಡಿದಳು. ನಲವತ್ತು ಬಾಯಿ ಮುಚ್ಚಲು ಎಂಟು ಬೆನ್ನು ಎಲ್ಲಿ ಸಾಕು? ಅವಳು ಹೇಳಿದ್ದನ್ನು ಕೇಳಿ ಹೊನ್ನಿ ಎರಡನೇ ಮಾತಾಡಲಿಲ್ಲ. ತನ್ನವರನ್ನೆಲ್ಲ ಎಬ್ಬಿಸಿಕೊಂಡು ಬಂದಳು. ಒಂದೊಂದು ಬಿಲದ ಬಾಯಿಗೂ ಒಬ್ಬೊಬ್ಬರು ಬೆನ್ನು ಕೊಟ್ಟು ಮುಳ್ಳು ನಿಗುರಿಸಿ ಕೂತರು. ಬೋರಕ್ಕ ನೆಲ್ಲಿಬಿಲಕ್ಕೆ ಕೂತಳು.

ನರಿಗೆ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಹೋದ ಹೋದ ಕಡೆ ಮುಳ್ಳು ತಾಗಿತು. ಮೊದಲು ಬೈದಿತು. ಆಮೇಲೆ ಬೇಡಿತು. ಕೊನೆಗೆ ತನ್ನಲ್ಲಿದ್ದ ದನಿಗಳನ್ನೆಲ್ಲ ಹೊರಗೆ ತೆಗೆಯಿತು. ಮುದುಕರು, ಬಾಣಂತಿಯರು, ಹಾಲು ಕುಡಿಯುವ ಮರಿಗಳು ನೆಲದೊಳಗೆ ಒಟ್ಟಿಗೆ ಅತ್ತರು. ಬೋರಕ್ಕನ ಬೆನ್ನ ಹಿಂದೆ ಅಕ್ಕ ಕೆಮ್ಮಿದಳು.

"ಬೋರೀ, ದಾರಿ ಬಿಡೇ. ನಂಗೆ ಉಸಿರು ಕಟ್ತಿದೆ."

ಬೋರಕ್ಕ ಗಳಗಳ ಅತ್ತಳು. ಆದರೆ ಜರುಗಲಿಲ್ಲ. ನರಿ ಮೈಮೇಲೆ ಹಾರಿತು, ಮುಖದ ತುಂಬ ಮುಳ್ಳು ನಾಟಿಸಿಕೊಂಡು ಹಿಂದಕ್ಕೆ ಬಿತ್ತು. ಕುರುಡಾಗಿ ಗೋಡೆಗೆ ಢಿಕ್ಕಿ ಹೊಡೆಯಿತು. ಎಷ್ಟೋ ವರ್ಷದಿಂದ ಯಾರೂ ಮೆತ್ತದ ಮಾಡು ಅದು. ಒಂದೇ ಸಲಕ್ಕೆ ಕುಸಿಯಿತು. ಆಮೇಲೆ ನೆಲದೊಳಗೆ ಯಾವ ದನಿಯೂ ಇರಲಿಲ್ಲ.

ಬೆಳಗ್ಗೆ ಎಲ್ಲರೂ ಕೊರಕಲಿಗೆ ಹೋದರು. ಅಲ್ಲಿ ಕಲ್ಲುಗಳ ಸಂದಿಯಲ್ಲಿ ಮುಳ್ಳಿನ ರಾಶಿಯಿತ್ತು. ದೊಡ್ಡವು, ಸಣ್ಣವು, ಇನ್ನೂ ಗಟ್ಟಿಯಾಗದ ಎಳೆಯವು. ಗುಡ್ಡದಲ್ಲಿ ಜಾಗವಿಲ್ಲ ಎಂದು ಕಳಿಸಿದವರೆಲ್ಲ ಅಲ್ಲಿದ್ದರು. ಹೊನ್ನಿ ಅದರಲ್ಲಿ ಒಂದು ಮುಳ್ಳನ್ನು ಎತ್ತಿ ಬಹಳ ಹೊತ್ತು ನೋಡಿದಳು.

"ಇವರನ್ನ ತಿಂದಿದ್ದು ನರಿ," ಎಂದಳು. "ಜಾಗ ಇಲ್ಲ ಅಂದಿದ್ದು ಯಾರು?"

ಅದನ್ನೂ ನರಿಯ ಮೇಲೆ ಹಾಕಬಹುದಿತ್ತು. ಸತ್ತ ನರಿ ಬಂದು ಇಲ್ಲವೆನ್ನುತ್ತಿತ್ತೇ?

"ನಾವು," ಎಂದಳು ಬೋರಕ್ಕ. "ನಾನೂ ತಲೆ ಆಡಿಸಿದ್ದೆ."

ಹೊನ್ನಿ ಅವಳ ಮುಖವನ್ನೇ ನೋಡಿದಳು. ಕ್ಷಮಿಸಿದೆ ಎನ್ನಲಿಲ್ಲ. ಪಡುವಣದಲ್ಲಿ ಮೋಡ ಕವಿದು ಗುಡುಗಿತು. ಅವಳು ಅಣ್ಣನ ಮುಳ್ಳನ್ನು ಮಣ್ಣಿಗೆ ಹಾಕಿ ಎದ್ದಳು.

"ಮಳೆ ಬರ್ತಿದೆ," ಎಂದಳು. "ಮಕ್ಕಳನ್ನ ಒಳಗೆ ಬಿಡಿ. ಒಡ್ಡು ಎಲ್ಲಿ, ತೋರಿಸಿ."

ನೀತಿ: ಹುಟ್ಟುವವರು ಕಡಿಮೆಯಾಗಿ ಹೋಗುವವರು ಹೆಚ್ಚಾದ ನಾಡನ್ನು ಬರುವವರೇ ಉಳಿಸಬೇಕು, ತುಂಬಿದ್ದೇವೆಂಬ ಜಂಬಕ್ಕೆ ಬಾಗಿಲು ಹಾಕಿಕೊಂಡರೆ ವಂಚಕನ ಹೊಟ್ಟೆ ತುಂಬುತ್ತದೆ, ಮನೆ ತುಂಬುವುದಿಲ್ಲ.