ಅಟ್ಟದ ಮೇಲಿನ ಮೊಲದ ಮಾಂಸ

ಕೊಡಗಿನ ಒಂದು ಊರಿನಲ್ಲಿ ದೇಚವ್ವ ಎಂಬ ಅಜ್ಜಿ ಇದ್ದಳು. ಹೊಗೆಯಲ್ಲಿ ಒಣಗಿಸಿದ ಮಾಂಸ ಅಂದರೆ ದೇಚವ್ವನದೇ, ಬೇರೆಯವರದೆಲ್ಲ ಬರೀ ಮಸಿ ಎಂದು ಸುತ್ತಲಿನವರು ಹೇಳುತ್ತಿದ್ದರು. ಆ ಮಾತು ಎಷ್ಟು ಕೇಳಿದರೂ ಅಜ್ಜಿಗೆ ಸಾಲದು. ಯಾರಿಗೆ ತಾನೇ ಹೊಗಳಿಕೆ ಬೇಡ ಹೇಳಿ?

ಹಿತ್ತಲಿನ ಗೂಡಿನಲ್ಲಿ ಸಾಕುಮೊಲಗಳಿದ್ದವು. ಮಗ ಮೊಲವನ್ನು ಕೊಯ್ದು, ಚರ್ಮ ಸುಲಿದು, ತೊಳೆದು ಕೊಡುತ್ತಿದ್ದ. ಮುಂದಿನದೆಲ್ಲ ದೇಚವ್ವನ ಕೆಲಸ. ನೀರಿನ ಪಸೆ ಹೋಗುವವರೆಗೆ ಬಟ್ಟೆಯಲ್ಲಿ ಒರೆಸುವಳು. ಉಪ್ಪು, ಅರಿಸಿನ, ಕರಿಮೆಣಸಿನ ಪುಡಿ ಚೆನ್ನಾಗಿ ತಿಕ್ಕಿ ಒಂದು ದಿನ ಭರಣಿಯಲ್ಲಿ ಇಡುವಳು. ಆಮೇಲೆ ಬಿದಿರುಕಡ್ಡಿಗೆ ಪೋಣಿಸಿ ಒಲೆಯ ಮೇಲಿನ ಅಟ್ಟಕ್ಕೆ ತೂಗುಹಾಕುವಳು. ಉರಿ ಏಳಬಾರದು, ಹೊಗೆ ನಿಲ್ಲಬಾರದು. ಹೀಗೆ ನಾಲ್ಕೈದು ದಿನ.

ಕೊನೆಗೊಂದು ಪರೀಕ್ಷೆ. ತೊಡೆಯ ಮೂಳೆಯವರೆಗೂ ಕಡ್ಡಿ ಚುಚ್ಚಿ ತೆಗೆದು, ಅದನ್ನು ಮೂಸಿ ನೋಡುವಳು. ಮೂಳೆಯವರೆಗೆ ಉಪ್ಪು ಇಳಿಯದಿದ್ದರೆ, ಹೊರಗೆ ಎಷ್ಟೇ ಚೆಂದ ಕಂಡರೂ ಮಾಂಸ ಒಳಗೊಳಗೇ ಕೆಡುತ್ತದೆ. ಅದು ಕಣ್ಣಿಗೆ ಕಾಣದು, ಮೂಗಿಗೇ ತಿಳಿಯಬೇಕು.

ಒಂದು ದಿನ ಮಗಳು ಬೋಜಕ್ಕಿ ಗಂಡನ ಮನೆಯಿಂದ ಫೋನ್ ಮಾಡಿದಳು. ಹೆರಿಗೆಯಾಗಿ ಮೂರು ತಿಂಗಳಾಗಿತ್ತು. "ಅವ್ವಾ, ಸಪ್ಪೆ ಊಟ ತಿಂದು ತಿಂದು ಬಾಯಿ ಕೆಟ್ಟುಹೋಗಿದೆ. ನಿನ್ನ ಕೈಯ ಮೊಲದ ಮಾಂಸ ತಂದುಕೊಡು" ಅಂದಳು. ಅಷ್ಟೇ ಸಾಕು, ಅಜ್ಜಿ ಸೆರಗು ಸಿಕ್ಕಿಸಿ ನಿಂತೇಬಿಟ್ಟಳು.

ಐದನೆಯ ದಿನ ಮಾಂಸ ಇಳಿಸಿದಳು. ಹೊಂಬಣ್ಣ ಬಂದಿತ್ತು. ಕಡ್ಡಿ ಚುಚ್ಚಿ ಮೂಸಿ, "ಆಹಾ!" ಅಂದಳು. ಪಕ್ಕದಲ್ಲಿದ್ದ ಸೊಸೆ ನೀಲಮ್ಮನೂ ಅದೇ ಕಡ್ಡಿ ತೆಗೆದುಕೊಂಡು ಮೂಸಿದಳು. ತಟ್ಟನೆ ಕಡ್ಡಿಯನ್ನು ದೂರ ಹಿಡಿದಳು.

"ಅತ್ತೆ, ಯಾಕೋ ವಾಸನೆ ಸರಿಯಿಲ್ಲ."

"ಏನಂದೆ? ನಲವತ್ತು ವರ್ಷದಿಂದ ಈ ಹೊಗೆ ಕುಡಿದವಳು ನಾನು. ನೀನು ಈ ಮನೆಗೆ ಬಂದು ಎರಡು ವರ್ಷ ಆಗಿಲ್ಲ. ನನಗೇ ಹೇಳಿಕೊಡ್ತೀಯಾ?"

ನೀಲಮ್ಮ ಮುಖ ಊದಿಸಿಕೊಂಡು ಹಿತ್ತಲಿಗೆ ಹೋದಳು. ಏನಾದರೂ ಮಾಡಿಕೊಳ್ಳಲಿ, ನನಗೇನು ಅಂತ ಒಂದು ಗಳಿಗೆ ಅನ್ನಿಸಿತು. ಅನ್ನಿಸುತ್ತದೆ, ಸುಳ್ಳು ಯಾಕೆ ಹೇಳಬೇಕು? ಆದರೆ ತಿನ್ನುವವಳು ಹಾಲೂಡಿಸುವ ತಾಯಿ. ನೀಲಮ್ಮನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಸೀದ ವಾಸನೆ ಬಂತು. ಓಡಿಹೋಗಿ ನೋಡಿದರೆ, ಒಲೆಯ ಮೇಲಿನ ಹಾಲು ಉಕ್ಕಿ, ಬತ್ತಿ, ತಳ ಕರಕಾಗಿತ್ತು. ದೇಚವ್ವ ಒಲೆಗೆ ಬೆನ್ನು ಮಾಡಿ ಅಲ್ಲೇ ಕೂತಿದ್ದಳು. ಏನೂ ಆಗಿಲ್ಲವೆಂಬಂತೆ ಬಾಳೆಲೆಯಲ್ಲಿ ಮಾಂಸ ಕಟ್ಟುತ್ತಿದ್ದಳು.

ನೀಲಮ್ಮನ ಸಿಟ್ಟೆಲ್ಲ ಇಳಿದುಹೋಯಿತು. ಪಾತ್ರೆ ಇಳಿಸಿ ಅತ್ತೆಯ ಎದುರು ಕೂತಳು.

"ಅತ್ತೆ, ಹಾಲು ಸೀದು ಮನೆಯೆಲ್ಲ ನಾರುತ್ತಿದೆ. ನಿಮಗೆ ಯಾವಾಗಿಂದ ವಾಸನೆ ಗೊತ್ತಾಗ್ತಿಲ್ಲ?"

ಅಜ್ಜಿಯ ಕೈ ನಿಂತಿತು. ಕಣ್ಣಲ್ಲಿ ನೀರು ತುಂಬಿತು. "ಹೋದ ತಿಂಗಳು ಜ್ವರ ಬಂತಲ್ಲ, ಅವತ್ತಿಂದ ಕಣೇ. ಹೇಳಿದರೆ ಒಲೆ ಮುಂದಿಂದ ನನ್ನನ್ನು ಎಬ್ಬಿಸಿಬಿಡ್ತೀರಿ. ಆಮೇಲೆ ಈ ಮನೆಯಲ್ಲಿ ನಾನು ಯಾತಕ್ಕೆ?"

"ಅಯ್ಯೋ ಅತ್ತೆ, ನಿಮ್ಮ ಹಾಗೆ ಹದ ಹಿಡಿಯೋದು ನನಗೆ ಬರುತ್ತಾ? ನೀವು ಇಲ್ಲೇ ಇರಬೇಕು. ನಾನು ಮೂಸಿ ಹೇಳ್ತೀನಿ. ಆದರೆ ಇದನ್ನು ಬೋಜಕ್ಕಿಗೆ ಕೊಡೋದು ಬೇಡ."

ಹೊರಗೆ ಜೀಪು ಬಂದು ನಿಂತಿತು. "ಅವ್ವಾ, ಬೇಗ ಬಾ" ಎಂದು ಮಗ ಕೂಗಿದ. ದೇಚವ್ವ ಗಂಟು ಎತ್ತಿಕೊಂಡು ಎದ್ದಳು. ಜೀಪಿನ ಕಡೆ ಹೋಗಲಿಲ್ಲ. ಹಿತ್ತಲಿನ ಮೂಲೆಗೆ ಹೋಗಿ ತಾನೇ ಗುಂಡಿ ತೋಡಿ, ನಾಯಿಗೂ ಸಿಗದಂತೆ ಆಳವಾಗಿ ಹೂತಳು.

"ಇವತ್ತು ಹೋಗೋದು ಬೇಡ ಮಗಾ. ಮಾಂಸ ಕೆಟ್ಟಿದೆ. ನನಗೆ ವಾಸನೆ ತಿಳಿಯೋದಿಲ್ಲ" ಅಂದಳು. ಹೇಳಲು ಎಷ್ಟು ಕಷ್ಟವಾಯಿತೋ, ಹೇಳಿದ ಮೇಲೆ ಅಷ್ಟೇ ಹಗುರಾಯಿತು.

ಮರುದಿನ ಇನ್ನೊಂದು ಮೊಲ. ಈ ಸಲ ತೊಡೆಯನ್ನು ಮೂಳೆಯವರೆಗೂ ಸೀಳಿ ಉಪ್ಪು ತುಂಬಿದಳು. ನೀಲಮ್ಮ ಎರಡು ಸಲ ಮೂಸಿ, "ಹೂಂ, ಇಳಿಸಿ" ಅಂದ ಮೇಲೆಯೇ ಅಟ್ಟದಿಂದ ಇಳಿಸಿದಳು.

ಈ ಸಲ ಸೊಸೆಯನ್ನೂ ಕರೆದುಕೊಂಡು ಹೊರಟಳು. ಬೋಜಕ್ಕಿಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತರು. "ಏನೇ ಹೇಳಿ, ದೇಚವ್ವನ ಕೈ ಅಂದರೆ ಕೈ!" ಎಂದು ಬೀಗಿತ್ತಿ ಹೊಗಳಿದಳು. ಅಜ್ಜಿ ನಕ್ಕು ಸುಮ್ಮನಿರಬಹುದಿತ್ತು. ಇರಲಿಲ್ಲ. ನೀಲಮ್ಮನ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಆಮೇಲೆ ಬೋಜಕ್ಕಿಯ ಕಡೆ ತಿರುಗಿದಳು.

"ಈಗ ರುಚಿಯೂ ಸರಿಯಾಗಿ ಗೊತ್ತಾಗೋದಿಲ್ಲ. ನೀನೇ ಹೇಳು ಮಗಳೇ, ಹೇಗಿದೆ?"

ಬೋಜಕ್ಕಿಯ ಬಾಯಿ ತುಂಬಿತ್ತು, ಕಣ್ಣೂ ತುಂಬಿತ್ತು. "ಮಾತಾಡಿಸಬೇಡ ಅವ್ವಾ. ತಿನ್ನೋಕೆ ಬಿಡು!" ಅಂದಳು.

ನೀತಿ: ತನ್ನಿಂದಾಗದ್ದನ್ನು ಆಗದು ಎಂದು ಒಪ್ಪಿಕೊಂಡರೆ ಯಾರ ಬೆಲೆಯೂ ಕಡಿಮೆಯಾಗುವುದಿಲ್ಲ. ಮುಚ್ಚಿಟ್ಟರೆ ನಮ್ಮ ಪ್ರೀತಿಯವರಿಗೇ ಕೇಡು. ಹಿರಿಯರು ಹಠ ಮಾಡಿದಾಗ ಮುಖ ತಿರುಗಿಸಿ ಹೋಗಬೇಡಿ. ಅವರು ಯಾವುದಕ್ಕೆ ಹೆದರಿದ್ದಾರೆಂದು ಹತ್ತಿರ ಕೂತು ಕೇಳಿ.