ಸುಣ್ಣ ಬಳಿದ ಕಲ್ಲು

ಮಠದ ದಾಸೋಹದಲ್ಲಿ ಬಾಗಿಲ ಪಕ್ಕದ ಜಾಗವನ್ನು ಊರುಗೋಲಿನ ಒಬ್ಬ ನೇಕಾರನಿಗೆಂದೇ ಬಿಟ್ಟುಕೊಟ್ಟರು. ನೆಲದ ಮೇಲೆ ಕೂತರೆ ಏಳುವುದು ಕಷ್ಟವೆಂದು ಎತ್ತರದ ಪೀಠ ಹಾಕಿಸಿದರು. ನಲವತ್ತು ಹೆಜ್ಜೆ ನಡೆಯಬೇಕಿದ್ದವನಿಗೆ ನಾಲ್ಕೇ ಹೆಜ್ಜೆಯಾಯಿತು. ಆಮೇಲೆ ಏನಾಯಿತು, ಊಹಿಸಿ ನೋಡೋಣ. ಅವನು ಹಿಗ್ಗಿದ ಎನ್ನುತ್ತೀರಾ? ಪೀಠ ಹಾಕಿಸಿದ ನಂಜಯ್ಯನೂ ಹಾಗೇ ಎಣಿಸಿದ್ದ. ನೇಕಾರ ಎರಡು ದಿನ ಪೀಠದ ಮೇಲೆ ಕೂತು ಉಂಡ. ಮೂರನೆಯ ದಿನದಿಂದ ಊಟಕ್ಕೆ ಬರುವುದನ್ನೇ ಬಿಟ್ಟ.

ನಂಜಯ್ಯ ದಾಸೋಹದ ಉಸ್ತುವಾರಿ ನೋಡುವ ಶಿಷ್ಯ. ಅವನಿಗೆ ಬೇಸರವಾಯಿತು. ಗುರುಗಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವನು ಹೋಗಿ ಕೈಮುಗಿದು ನಿಂತ.

"ಬುದ್ಧೀ, ಬೇಕಾದ್ದನ್ನೇ ಕೊಟ್ಟರೂ ಮನುಷ್ಯನಿಗೆ ಏಕೆ ಸಾಲುವುದಿಲ್ಲ?"

ಗುರುಗಳು ಎಲ್ಲವನ್ನೂ ಕೇಳಿಸಿಕೊಂಡರು. ಮೊರವನ್ನು ಅವನ ಕಡೆಗೆ ಸರಿಸಿದರು.

"ಕೂತ್ಕೋ. ಕೋಪ ಬಂದಾಗ ಕೈಗೆ ಕೆಲಸ ಬೇಕು. ನೀನು ಕಾಯಿ ಸುಲಿ, ನಾನು ಕತೆ ಹೇಳ್ತೇನೆ" ಎಂದು ಶುರು ಮಾಡಿದರು.

ಒಂದು ಕಾಲದಲ್ಲಿ ಬಂಡಿಯಲ್ಲೇ ಬದುಕುವ ಒಂದು ಗುಂಪು ಇತ್ತು. ಒಟ್ಟು ಹದಿನಾಲ್ಕು ಬಂಡಿ. ಬಂಡಿಯೇ ಮನೆ, ಬಂಡಿಯೇ ತೊಟ್ಟಿಲು, ಬಂಡಿಯೇ ಕಣಜ. ಊರೂರು ತಿರುಗಿ ಕುಡುಗೋಲು, ಕೊಡಲಿ, ಈಳಿಗೆಮಣೆಗೆ ಸಾಣೆ ಹಿಡಿಯುವುದು ಅವರ ಕಸುಬು. ನೆಲ ಅವರದಲ್ಲ, ಆಯಾ ಊರಿನವರದು. ಆದರೆ ಯಾವ ಊರಿನ ಬಯಲಿಗೆ ಬಂದರೂ ಬಂಡಿ ನಿಲ್ಲಿಸುವುದಕ್ಕೆ ಒಂದೇ ಕಟ್ಟಳೆ. ಮೊದಲು ಯಜಮಾನನ ಬಂಡಿ, ನೊಗ ಕಟ್ಟುವ ಮೂಕಿಯನ್ನು ಮೂಡಣಕ್ಕೆ ಮಾಡಿ ನಿಲ್ಲಬೇಕು. ಮಿಕ್ಕವರು ಬಂದ ಬಂದ ಹಾಗೆ ಜಾಗ ಹಿಡಿಯಬೇಕು. ಮುಂದೆ ಬಂದವರಿಗೆ ನೀರಿನ ಹತ್ತಿರ, ಹಿಂದೆ ಉಳಿದವರಿಗೆ ಉಳಿದದ್ದು.

ಒಮ್ಮೆ ಒಂದು ಇಳಿಜಾರಿನಲ್ಲಿ ಯಜಮಾನನ ಬಂಡಿಯ ಎತ್ತು ಮುಗ್ಗರಿಸಿತು. ಬಂಡಿ ಉರುಳತೊಡಗಿತು. ಒಳಗೆ ಯಜಮಾನನ ಹೆಂಡತಿ, ಅವಳ ಮಡಿಲಲ್ಲಿ ಹಸುಗೂಸು. ಪಕ್ಕದಲ್ಲಿದ್ದ ಒಬ್ಬ ಸಾಣೆಗಾರ ಗಾಲಿಗೆ ಅಡ್ಡ ಇಡಲು ಕಲ್ಲು ಹುಡುಕಿದ. ಸಿಗಲಿಲ್ಲ. ಕಾಲನ್ನೇ ಇಟ್ಟ. ಬಂಡಿ ನಿಂತಿತು. ಮೊಣಕಾಲಿನ ಕೆಳಗೆ ಅವನ ಕಾಲು ಉಳಿಯಲಿಲ್ಲ.

ಅಲ್ಲಿಂದ ಮುಂದೆ ಸಾಣೆಗಾರನ ಬಂಡಿ ಎಲ್ಲರಿಗಿಂತ ಹಿಂದೆ. ಎತ್ತು ಹೂಡುವುದಕ್ಕೇ ಅವನಿಗೆ ಎರಡರಷ್ಟು ಹೊತ್ತು ಬೇಕು. ಬಯಲು ಮುಟ್ಟುವಷ್ಟರಲ್ಲಿ ಬಾವಿಯ ಸುತ್ತ ಹದಿಮೂರು ಬಂಡಿ ನಿಂತಿರುತ್ತಿದ್ದವು. ಅವನಿಗೆ ಸಿಗುತ್ತಿದ್ದುದು ಬಯಲಿನ ಆಚೆ ಕೊನೆ. ಒಂದು ದಿನ ಎಲ್ಲರೂ ಸೇರಿದ್ದಾಗ ಅವನು ಬಾಯಿ ಬಿಟ್ಟು ಕೇಳಿದ.

"ಬಾವಿ ಹತ್ತಿರ ನನ್ನ ಬಂಡಿಗೆ ಒಂದು ಜಾಗ ಅಂತ ಆಗಬೇಕು, ಯಜಮಾನಪ್ಪ."

ಒಬ್ಬ ಹಿಂದಿನಿಂದ ಕೂಗಿದ, "ಹಂಗಾದ್ರೆ ನನಗೂ ಸೊಂಟನೋವು. ನನಗೂ ಒಂದು ಜಾಗ ಬರ್ಕೊಳ್ಳಿ!"

ಎಲ್ಲರೂ ನಕ್ಕರು. ಯಜಮಾನ ನಗಲಿಲ್ಲ. "ಹೋಗಿ ನೀನೂ ಗಾಲಿಗೆ ಕಾಲು ಕೊಟ್ಟು ಬಾ. ಬಂದ ಮೇಲೆ ಮಾತಾಡೋಣ" ಎಂದ. ನಗು ಅಲ್ಲಿಗೇ ನಿಂತಿತು.

ಯಜಮಾನ ಎದ್ದ. ಸವೆದುಹೋದ ಒಂದು ಸಾಣೆಕಲ್ಲು ತರಿಸಿದ. ಅದಕ್ಕೆ ಸುಣ್ಣ ಬಳಿಸಿದ. ತನ್ನ ಬಂಡಿಯ ಬಲಗಡೆಗೆ ಹತ್ತು ಹೆಜ್ಜೆ ಎಣಿಸಿ ಅಲ್ಲಿ ನೆಟ್ಟ. ಬಾವಿಕಟ್ಟೆ ಅಲ್ಲೇ ಪಕ್ಕಕ್ಕಿತ್ತು. "ಬಯಲು ಯಾವುದೇ ಆಗಲಿ, ನನ್ನ ಬಂಡಿಯ ಬಲಕ್ಕೆ ಹತ್ತು ಹೆಜ್ಜೆಯ ಈ ಜಾಗ ಇವನದು. ಇವನು ಎಷ್ಟು ಹೊತ್ತಿಗೆ ಬರಲಿ, ಇಲ್ಲಿ ಬೇರೆ ಬಂಡಿ ನಿಲ್ಲಕೂಡದು. ಇದು ಕಟ್ಟಳೆ" ಎಂದ. ಎಲ್ಲರೂ ಒಪ್ಪಿದರು.

ಸಾಣೆಗಾರ ಆ ಬಯಲಿನಲ್ಲಿ ಹದಿನೆಂಟು ದಿನ ಇದ್ದ. ಸಂಜೆಯಾದರೆ ಬಂಡಿಯಿಂದ ಕೆಳಗಿಳಿದು ಕಟ್ಟೆಗೆ ಒರಗಿ ಕೂರುತ್ತಿದ್ದ. ಹೆಂಗಸರು ನೀರು ಸೇದಲು ಬರುತ್ತಿದ್ದರು. "ಏನಣ್ಣಾ, ಬಾವಿಗೇ ಗೌಡನಾಗಿಬಿಟ್ಟೆಯಲ್ಲ!" ಎಂದು ಛೇಡಿಸುತ್ತಿದ್ದರು. "ಹೌದಮ್ಮ, ಕೊಡಕ್ಕೊಂದು ಸುದ್ದಿ ಕಂದಾಯ ಕಟ್ಟಿ ಹೋಗಿ" ಎನ್ನುತ್ತಿದ್ದ. ಯಾರ ಮಗಳು ಗಂಡನ ಮೇಲೆ ಮುನಿಸಿಕೊಂಡಳು, ಯಾರ ಎತ್ತು ಮೇವು ಬಿಟ್ಟಿತು, ಎಲ್ಲ ಸುದ್ದಿಯೂ ಅವನ ಮುಂದೆಯೇ ಹಾದುಹೋಗಬೇಕು. ಕಾಲು ಹೋದ ಮೇಲೆ ಅವನು ಬಾಯ್ತುಂಬ ನಕ್ಕದ್ದು ಆ ಹದಿನೆಂಟು ದಿನವೇ.

ಹತ್ತೊಂಬತ್ತನೆಯ ದಿನ ಬಂಡಿಗಳು ಹೊರಟವು. ಬಿಡಾರದವರು ಸುಣ್ಣದ ಕಲ್ಲನ್ನು ಕಿತ್ತು ಜೋಪಾನವಾಗಿ ಒಯ್ದರು. ಹೊಸ ಬಯಲಿನಲ್ಲಿ ಯಜಮಾನನ ಬಂಡಿ ಮೂಡಣಕ್ಕೆ ನಿಂತಿತು. ಬಲಕ್ಕೆ ಹತ್ತು ಹೆಜ್ಜೆ ಎಣಿಸಿದರು. ಕಲ್ಲು ನೆಟ್ಟರು. ಅಲ್ಲಿ ಜಾಲಿಯ ಪೊದೆ ಇತ್ತು, ಅದರಾಚೆ ಹಳ್ಳ. ಬಾವಿ ಎಡಗಡೆಯ ತುದಿಯಲ್ಲಿತ್ತು.

ಸಾಣೆಗಾರ ಕಲ್ಲನ್ನು ನೋಡಿದ, ಬಾವಿಯನ್ನು ನೋಡಿದ. "ಯಜಮಾನಪ್ಪ, ನೀರು ಆ ಕಡೆ ಅಲ್ಲವಾ?" ಎಂದ.

ಯಜಮಾನನಿಗೆ ಅವನ ಮುಖ ನೋಡುವುದೆಂದರೆ ಕಷ್ಟ. ನೋಡಿದರೆ ಕಣ್ಣು ಕಾಲಿನ ಕಡೆ ಇಳಿಯುತ್ತಿತ್ತು. ಎತ್ತಿನ ಕೊರಳು ಸವರುತ್ತಲೇ ಹೇಳಿದ, "ನಿನ್ನ ಜಾಗ ನಿನಗೇ ಕಣಪ್ಪ, ಒಂದು ಗೇಣೂ ಹೆಚ್ಚುಕಡಿಮೆ ಆಗಿಲ್ಲ. ನೀರಿನ ಚಿಂತೆ ನಿನಗ್ಯಾಕೆ? ಬಂಡಿಗೇ ಬರುತ್ತೆ."

ಬಂತು. ದಿನವೂ ಬೆಳಗಾದರೆ ಎರಡು ಕೊಡ ತುಂಬಿದ ನೀರು ಅವನ ಗಾಲಿಯ ಪಕ್ಕದಲ್ಲಿ ಇರುತ್ತಿತ್ತು. ತಂದವರು ಇಟ್ಟು, ಕೈಮುಗಿದು, ಹೋಗುತ್ತಿದ್ದರು. ಅವರಿಗೂ ಕೆಲಸವಿರುತ್ತದಲ್ಲ.

ಹೀಗೆ ಆರು ವರ್ಷ. ಎಷ್ಟೋ ಬಯಲು ಬದಲಾದವು. ಬಾವಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ, ಒಮ್ಮೆ ದಿಬ್ಬದ ಆಚೆಗೆ. ಕಲ್ಲು ಮಾತ್ರ ಬಲಕ್ಕೆ ಹತ್ತೇ ಹೆಜ್ಜೆ. ಕಟ್ಟಳೆ ಒಂದು ದಿನವೂ ತಪ್ಪಲಿಲ್ಲ. ಅಲ್ಲಿ ಕರು ಮಲಗಿದರೆ ಎಬ್ಬಿಸುತ್ತಿದ್ದರು. ಹಬ್ಬ ಬಂದರೆ ಹೊಸದಾಗಿ ಸುಣ್ಣ ಬಳಿದು ಹೂವಿಡುತ್ತಿದ್ದರು. ದಾರಿಯಲ್ಲಿ ಸಿಕ್ಕ ಬೇರೆ ಬಂಡಿಯವರಿಗೆ, "ನಮ್ಮಲ್ಲಿ ಕಾಲಿಲ್ಲದವನಿಗೂ ಒಂದು ಜಾಗ ಇದೆ" ಎಂದು ಹೆಮ್ಮೆಯಿಂದ ತೋರಿಸುತ್ತಿದ್ದರು.

ಸಾಣೆಗಾರ ಕಲ್ಲಿನ ಪಕ್ಕ ಕೂತು ಕೆಲಸ ಮಾಡುತ್ತಿದ್ದ. ಸಂಜೆಯಾದರೆ ಸಾಣೆ ನಿಲ್ಲಿಸಿ ಬಾವಿಯ ಕಡೆ ಮುಖ ತಿರುಗಿಸುತ್ತಿದ್ದ. ರಾಟೆಯ ಸದ್ದಿನಲ್ಲೇ ಅವನಿಗೆ ಗೊತ್ತಾಗುತ್ತಿತ್ತು. ಸರಸರ ಎಳೆದರೆ ಯಜಮಾನನ ಹೆಂಡತಿ. ಎಳೆದು, ನಿಲ್ಲಿಸಿ, ಎಳೆದರೆ ಪಕ್ಕದ ಬಂಡಿಗೆ ಹೊಸದಾಗಿ ಬಂದ ಸೊಸೆ. ಅಷ್ಟರಲ್ಲಿ ಎಲ್ಲರೂ ಒಟ್ಟಿಗೆ ನಕ್ಕರೆ, ಯಾವುದಕ್ಕೆ ನಕ್ಕರೆಂದು ಮಾತ್ರ ತಿಳಿಯುತ್ತಿರಲಿಲ್ಲ. ಏನಿರಬಹುದು, ಏನಿರಬಹುದು ಎಂದು ಯೋಚಿಸುತ್ತ ಅವನು ಬರಿದೇ ತಾನೂ ಒಂದಿಷ್ಟು ನಗುತ್ತಿದ್ದ. ಹತ್ತಿರದಲ್ಲಿ ಎರಡು ಕೊಡ ತುಂಬಿಯೇ ಇರುತ್ತಿದ್ದವು.

ಏಳನೆಯ ವರ್ಷ ಒಂದು ಬೆಳಿಗ್ಗೆ ಅವನು ಆ ಎರಡು ಕೊಡದ ನೀರನ್ನೂ ಎತ್ತಿಗೆ ಕುಡಿಸಿದ. ಸುಣ್ಣದ ಕಲ್ಲನ್ನು ಅಲುಗಾಡಿಸಿ ಕಿತ್ತ. ಅದನ್ನು ಮುಂದಕ್ಕೆ ಉರುಳಿಸಿದ. ಕೈಯೂರಿ ಅದರ ಹಿಂದೆ ತೆವಳಿದ. ಮತ್ತೆ ಉರುಳಿಸಿದ. ಮತ್ತೆ ತೆವಳಿದ. ನೋಡಿದವರು "ಕಲ್ಲು ಕಿತ್ತ! ಕಲ್ಲು ಕಿತ್ತ!" ಎಂದು ಬೊಬ್ಬೆ ಹಾಕಿದರು. ಯಜಮಾನ ಓಡಿ ಬರುವಷ್ಟರಲ್ಲಿ ಅವನು ಅರ್ಧ ಬಯಲು ದಾಟಿದ್ದ. ಅಂಗೈ ಒಡೆದು ಕಲ್ಲಿನ ಸುಣ್ಣ ಕೆಂಪಾಗಿತ್ತು.

"ಏನೋ ಇದು? ನಿನಗೇ ಅಂತ ಕೊಟ್ಟ ಜಾಗವನ್ನ ನೀನೇ ಹಾಳು ಮಾಡ್ತೀಯಾ? ನಾವು ಏನು ಕಡಿಮೆ ಮಾಡಿದ್ದೀವಿ ನಿನಗೆ?"

"ಏನೂ ಕಡಿಮೆ ಇಲ್ಲ, ಯಜಮಾನಪ್ಪ. ಆರು ವರ್ಷದಿಂದ ನೀರು ತಂದುಕೊಡ್ತಾ ಇದ್ದೀರಿ. ನನಗೆ ನೀರು ಸೇದೋ ಜನ ಬೇಕು."

ಯಜಮಾನ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವನ ಮುಖ ನೋಡಿದ. ನೋಡಿ ಕೇಳಿದ, "ನಿನ್ನ ಬಂಡಿ ಎಲ್ಲಿ ನಿಲ್ಲಿಸಲಪ್ಪ?"

ಆ ಮಾತನ್ನು ಸಾಣೆಗಾರನಿಗೆ ಯಾರೂ ಕೇಳಿರಲೇ ಇಲ್ಲ. ಅವನು ಸುತ್ತ ನೋಡಿ, ಕಟ್ಟೆಯ ಪಕ್ಕಕ್ಕೆ ಬೆರಳು ತೋರಿಸಿದ. ಯಜಮಾನ ತಾನೇ ಹೋಗಿ ಅವನ ಬಂಡಿಯನ್ನು ಹೊಡೆದುಕೊಂಡು ಬಂದ. ಗಾಲಿ ಜರುಗದಂತೆ ಆ ಸುಣ್ಣದ ಕಲ್ಲನ್ನು ಅಡ್ಡ ಕೊಟ್ಟ.

ಮುಂದೆ ಆ ಗುಂಪಿನಲ್ಲಿ ಕಟ್ಟಳೆ ಬದಲಾಯಿತು. ಹೊಸ ಬಯಲಿಗೆ ಬಂದಾಗ ಯಜಮಾನನ ಬಂಡಿ ಮೊದಲು ನಿಲ್ಲುವುದಿಲ್ಲ. ಎಲ್ಲರೂ ಎತ್ತು ಬಿಚ್ಚದೆ ಕಾಯುತ್ತಾರೆ. ಸಾಣೆಗಾರನ ಬಂಡಿ ಬರುತ್ತದೆ. ಯಜಮಾನ ನಡೆದು ಹೋಗಿ, "ಇವತ್ತು ಎಲ್ಲಿ?" ಎಂದು ಕೇಳುತ್ತಾನೆ. ಅವನು ಒಮ್ಮೆ ಬಾವಿ ಎನ್ನುತ್ತಾನೆ, ಒಮ್ಮೆ ಹುಣಸೆಮರದ ಬುಡ ಎನ್ನುತ್ತಾನೆ. ಬೇಸರವಾದ ದಿನ ಎಲ್ಲರಿಂದ ದೂರ ಎನ್ನುವುದೂ ಉಂಟು.

ಗುರುಗಳು ಕತೆ ನಿಲ್ಲಿಸಿದರು. ನಂಜಯ್ಯನ ಕೈಯಲ್ಲಿ ಒಂದು ಕಾಯಿ ಅರ್ಧ ಸುಲಿದಂತೆಯೇ ಉಳಿದಿತ್ತು. ನೇಕಾರ ಮೊದಲು ಕೂರುತ್ತಿದ್ದ ಜಾಗ ಅವನಿಗೆ ನೆನಪಾಯಿತು. ಪಂಕ್ತಿಯ ನಡುವೆ, ಮಿಕ್ಕ ನೇಕಾರರ ಮಧ್ಯೆ. ಅಲ್ಲಿಗೆ ಹೋಗಿ ಅನ್ನ ಬಡಿಸುವಾಗಲೆಲ್ಲ ಅವರ ಮಾತು ಮುಗಿಯುವ ತನಕ ಸೌಟು ಹಿಡಿದು ಕಾಯಬೇಕಾಗುತ್ತಿತ್ತು. ಬಾಗಿಲ ಪಕ್ಕದ ಪೀಠದಿಂದ ಆ ಮಾತು ಕೇಳಿಸುವುದಿಲ್ಲ.

"ಇದು ಯಾವಾಗ ನಡೆದದ್ದು, ಬುದ್ಧೀ?" ಎಂದು ಮೆಲ್ಲಗೆ ಕೇಳಿದ.

ಗುರುಗಳು ಅವನ ಕೈಯಲ್ಲಿದ್ದ ಕಾಯಿಯನ್ನು ತೆಗೆದುಕೊಂಡು, ನೇಕಾರರ ಕೇರಿಯ ಕಡೆಗೆ ಕಣ್ಣು ಹಾಯಿಸಿದರು.

"ಯಜಮಾನ ನೆಲದ ಮೇಲೆ ಕೂತು ಕೇಳಿದ್ದು ಮಾಘ ಶುದ್ಧ ದಶಮಿ, ಬುಧವಾರ, ಇವತ್ತೂ ಬುಧವಾರವೇ."