ಜೈಲಿನಿಂದ ಬಂದ ನಲವತ್ತು ಅರ್ಜಿ

ವಿಶ್ವವಿದ್ಯಾಲಯವೊಂದು ಅಪರಾಧ ನ್ಯಾಯಶಾಸ್ತ್ರದ ಆನ್‌ಲೈನ್ ಪದವಿ ತೆರೆಯಿತು. ನಲವತ್ತು ಜನ ಸೇರಿದರೆ ಮಾತ್ರ ಸರಕಾರದ ಅನುದಾನ. ಸೇರಿದವರು ಮೂವರೇ.

ಕುಲಸಚಿವ ಪರಮಶಿವಯ್ಯನವರು ಗುಮಾಸ್ತೆ ಚನ್ನಮಲ್ಲಮ್ಮನನ್ನು ಕರೆದು ಗುಡುಗಿದರು: "ಮತದಾರರ ಪಟ್ಟಿ ನೋಡಿ ಹೆಸರು ತುಂಬಿಸಮ್ಮ. ಆನ್‌ಲೈನಲ್ಲಿ ಮುಖ ಯಾರು ನೋಡ್ತಾರೆ? ಸೋಮವಾರ ಪಟ್ಟಿ ಬರದಿದ್ದರೆ ನಿನಗೆ ವರ್ಗ!"

ಚನ್ನಮಲ್ಲಮ್ಮ ಯೋಚಿಸಿದಳು: ಸುಳ್ಳು ಬರೆದರೆ ಸಿಕ್ಕಿಬೀಳುವುದು ಬರೆದವಳೇ. ಆಕೆ ನೆಟ್ಟಗೆ ಊರಾಚೆಯ ಜೈಲಿಗೆ ಹೋದಳು. ಜೈಲರನ್ನು ಒಪ್ಪಿಸಿ, ಪಿಯುಸಿ ಮುಗಿಸಿದ್ದ ನಲವತ್ತು ಕೈದಿಗಳಿಂದ ಅರ್ಜಿ ಬರೆಸಿಕೊಂಡು ಬಂದಳು.

ತಪಾಸಣೆಗೆ ಬಂದ ಸರಕಾರದ ಅಧಿಕಾರಿ ಅರ್ಜಿಗಳಲ್ಲಿ ಜೈಲಿನ ವಿಳಾಸ ಕಂಡು ಹುಬ್ಬೇರಿಸಿದರು. "ಇವರೆಲ್ಲ ದಿನಾ ಪಾಠಕ್ಕೆ ಬರ್ತಾರಾ?"

"ಬರದೆ ಇನ್ನೆಲ್ಲಿಗೆ ಹೋಗ್ತಾರೆ ಸಾರ್?" ಎಂದಳು ಚನ್ನಮಲ್ಲಮ್ಮ.

ಅಧಿಕಾರಿ ನಕ್ಕು ಅನುದಾನ ಮಂಜೂರು ಮಾಡಿದರು. ಮೊದಲ ಪಾಠ ಕುಲಸಚಿವರೇ ಮಾಡಲಿ ಎಂದೂ ಹೇಳಿಹೋದರು.

ಪಾಠದ ದಿನ ಪರದೆಯಲ್ಲಿ ಕೈದಿಯೊಬ್ಬ ಎದ್ದು ನಿಂತ. "ಸಾರ್, ಇಲ್ಲದವರ ಹೆಸರು ಬರೆದು ಸರಕಾರದ ದುಡ್ಡು ಎತ್ತಿದ್ದಕ್ಕೆ ನನಗೆ ಮೂರು ವರ್ಷ ಹಾಕಿದ್ದಾರೆ. 'ಬರಿ' ಅಂದ ಸಾಹೇಬರಿಗೆ ಎಷ್ಟು ವರ್ಷ ಆಗುತ್ತೆ?"

ಪರಮಶಿವಯ್ಯನವರು ತಟಕ್ಕನೆ ಕ್ಯಾಮೆರಾ ಆರಿಸಿದರು. "ಚನ್ನಮಲ್ಲಮ್ಮ, ನೆಟ್‌ವರ್ಕ್ ಹೋಯಿತು ಅಂತ ವರದಿಯಲ್ಲಿ ಬರೆದುಬಿಡು."

ಚನ್ನಮಲ್ಲಮ್ಮ ಪೆನ್ನನ್ನು ಅವರ ಮುಂದಿಟ್ಟಳು. "ಬರೆದವರಿಗೆ ಮೂರು ವರ್ಷವಂತೆ ಸಾರ್. ನೀವೇ ಬರೆದುಬಿಡಿ."